ಹಣೆಬರಹವೋ, ನಮ್ಮ ಇಚ್ಛೆಯೋ?



ಸೇವಾ ರಸೀತಿ ಬರೆಯುವ ನನಗೆ ದಿನಾ ಕೇಳಿಸುವ ಮಾತು, "ಎಲ್ಲಾ ಹಣೆಬರಹ ಸ್ವಾಮಿ." ಒಮ್ಮೆ ಒಬ್ಬ ತಾಯಿ, ಮಗನ ಕುಡಿತ ಬಿಡಲೆಂದು ಹರಕೆ ಹೊತ್ತರು. ಮಗ ಅಂದ: "ನಮ್ಮಪ್ಪನೂ ಕುಡೀತಿದ್ರು. ನನ್ನ ಕೈಲೇನಿದೆ?" ನಾನು ಸುಮ್ಮನಾದೆ.

ಈ ಪ್ರಶ್ನೆ ಬೆಟ್ಟದ ಕೆಳಗೆ ಮೈಸೂರಿನಲ್ಲೇ ಪಾಠವಾಗಿದೆ. 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದವರು ಪ್ರೊ. ಎಂ.ವಿ. ಗೋಪಾಲಸ್ವಾಮಿ. (1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ರೇಡಿಯೋ ನಡೆಸಿದವರೂ ಅವರೇ.) ಆ ಶಾಸ್ತ್ರದವರಲ್ಲೂ ಒಮ್ಮತವಿಲ್ಲ. ವಿಯೆನ್ನಾದ ಫ್ರಾಯ್ಡ್, ಬಾಲ್ಯದಿಂದ ಒಳಗೆ ಅಡಗಿದ ಆಸೆ ಭಯಗಳೇ ನಮ್ಮನ್ನು ನಡೆಸುತ್ತವೆ ಎಂದರು. ಅಮೆರಿಕದ ಸ್ಕಿನ್ನರ್, ಅಭ್ಯಾಸ ಕಟ್ಟುವುದು ನಮ್ಮ ಸುತ್ತಲ ಪರಿಸರ, ಸ್ವಂತ ಇಚ್ಛೆ ಎಂಬುದು ಭ್ರಮೆ ಎಂದರು. ಅಲ್ಲಿಯವರೇ ಆದ ಕಾರ್ಲ್ ರೋಜರ್ಸ್ ಒಪ್ಪಲಿಲ್ಲ, ಮನುಷ್ಯ ತನ್ನ ದಾರಿ ತಾನೇ ಆರಿಸಬಲ್ಲ ಎಂದರು. ತಂದೆ ಕುಡುಕರಾದರೆ ಮಕ್ಕಳಿಗೆ ಅಪಾಯ ಹೆಚ್ಚೆಂದು ವೈದ್ಯರೂ ಹೇಳುತ್ತಾರೆ. ಹಾಗಂತ ಎಲ್ಲ ಮಕ್ಕಳೂ ಕುಡಿಯೋದಿಲ್ಲವಲ್ಲ!

ಮುಂದಿನ ಆಷಾಢ ಶುಕ್ರವಾರ ತಾಯಿ ಮಗ ಮೆಟ್ಟಿಲು ಹತ್ತಿಯೇ ಬಂದರು. "ಆ ಅಂಗಡಿ ಬೀದೀಲಿ ಹೋಗೋದು ಬಿಟ್ಟೆ. ಸಂಬಳ ಅವ್ವನ ಕೈಗೆ ಕೊಡ್ತೀನಿ. ಆದ್ರೂ ಎರಡು ಸಲ ತಪ್ಪಿದೆ ಸ್ವಾಮಿ" ಅಂದ.

ನೋಡಿ, ಬೀದಿ ಬದಲಾದದ್ದಕ್ಕೆ ಅಭ್ಯಾಸ ಸಡಿಲಾಯ್ತು, ಇದು ಸ್ಕಿನ್ನರ್ ಹೇಳಿದಂತೆಯೇ. ಆದರೆ ಬೀದಿ ಬದಲಿಸಿದ್ದು ಯಾರು? ಅವನ ಇಚ್ಛೆಯೋ, ತಾಯಿಯ ಕಣ್ಣೀರೋ? ಪಿಯುಸಿ ಓದಿದ ನಾನು ಹೇಳಲಾರೆ. "ಯಾರ ಹೆಸರಿಗೆ ಬರೆಯಲಿ?" ಅಂದೆ. ಹೋದ ವರ್ಷ ತಾಯಿ ಹೇಳಿದ್ದರು, ಈ ಸಲ ಅವನೇ ತನ್ನ ಹೆಸರು, ನಕ್ಷತ್ರ ಹೇಳಿದ.