ಕಿವಿಗೊಂದು ಪರೀಕ್ಷೆ

ಐವತ್ತು ದಾಟಿದ ಹೆಂಗಸರಿಗೆ ಪರೀಕ್ಷೆ ಎಂದರೆ ಸಾಮಾನ್ಯವಾಗಿ ರಕ್ತದ್ದು, ಇಲ್ಲವೇ ಕಣ್ಣಿನದು. ನಾನು ಪ್ರಶ್ನೆಪತ್ರಿಕೆ ಕೊಟ್ಟು ಬರೆಸುವ ಪರೀಕ್ಷೆಗೇ ಕಟ್ಟಿದ್ದೇನೆಂದು ಗೊತ್ತಾದಾಗ ಮೂಡಿಗೆರೆಯ ನಮ್ಮ ಬೀದಿಯವರು ಅದು ಎಂ.ಎ. ಇರಬೇಕೆಂದುಕೊಂಡರು. ಹ್ಯಾಮ್ ರೇಡಿಯೋದ ಪರೀಕ್ಷೆ ಎಂದಾಗ ಪಕ್ಕದ ಮನೆಯವರು, ‘ರೇಡಿಯೋ ಕೇಳಲಿಕ್ಕೂ ಪರೀಕ್ಷೆಯೇ?’ ಎಂದರು. ಆಗ ನಕ್ಕುಬಿಟ್ಟೆ. ಈಗ ಯೋಚಿಸಿದರೆ ನನ್ನ ಪತ್ರಿಕೆಯಲ್ಲಿದ್ದ ಎಷ್ಟೋ ಪ್ರಶ್ನೆಗಳಿಗಿಂತ ಅವರ ಪ್ರಶ್ನೆಯೇ ಚೆನ್ನಾಗಿತ್ತು ಅನ್ನಿಸುತ್ತದೆ.

ಹ್ಯಾಮ್ ಎಂದರೆ ಹವ್ಯಾಸಕ್ಕಾಗಿ ರೇಡಿಯೋ ಇಟ್ಟುಕೊಂಡವರು. ಆಕಾಶವಾಣಿಯಂತೆ ಕಾರ್ಯಕ್ರಮ ಬಿತ್ತರಿಸುವವರಲ್ಲ. ತಮ್ಮಂಥವರೇ ಆದ ಇನ್ನೊಬ್ಬರೊಡನೆ ಮಾತಾಡುವವರು. ನಡುವೆ ತಂತಿಯಿಲ್ಲ, ಟವರಿಲ್ಲ, ಕಂಪೆನಿಯಿಲ್ಲ. ಇವರ ಮನೆಯ ಆಂಟೆನಾದಿಂದ ಹೊರಟದ್ದು ಅವರ ಮನೆಯ ಆಂಟೆನಾ ಮುಟ್ಟುತ್ತದೆ, ಅಷ್ಟೆ. ದುಡ್ಡು ತೆಗೆದುಕೊಂಡು ಯಾರ ಸಂದೇಶವನ್ನೂ ಕಳಿಸುವಂತಿಲ್ಲ, ಗುಪ್ತಭಾಷೆ ಬಳಸುವಂತಿಲ್ಲ, ತನ್ನ ಕರೆಹೆಸರು ಹೇಳದೆ ಮಾತಾಡುವಂತಿಲ್ಲ. ನಮ್ಮ ದೇಶದವರ ಕರೆಹೆಸರು ಸಾಮಾನ್ಯವಾಗಿ ‘ವಿ.ಯು.’ ಎಂದು ಶುರುವಾಗುತ್ತದೆ. ರಾಜೀವ್ ಗಾಂಧಿಯವರಿಗೂ ಅಂಥದೊಂದಿತ್ತು. ಬೆಂಗಳೂರಿನಲ್ಲಿ 1959ರಷ್ಟು ಹಿಂದೆಯೇ ಈ ಹವ್ಯಾಸಿಗಳ ಕ್ಲಬ್ಬೊಂದು ಹುಟ್ಟಿತು. ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರ. ಅದಕ್ಕೆ ಮೊದಲು ಪರೀಕ್ಷೆ.

ನನಗೆ ಈ ಹುಚ್ಚು ಹತ್ತಿದ್ದು 2019ರ ಮಳೆಯಿಂದ. ಆ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡಗಳು ಜರಿದು ಮನೆ, ತೋಟಗಳ ಮೇಲೆ ಬಂದವು. ಚಾರ್ಮಾಡಿ ಘಾಟಿ ಮುಚ್ಚಿತು. ಕಳಸದಿಂದ ಹೊರನಾಡಿಗೆ ಹೋಗುವ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದಳು. ಕರೆಂಟಿಲ್ಲ, ಫೋನಿಲ್ಲ. ನನ್ನ ನಾದಿನಿಯ ಅತ್ತೆ ಆಗ ಹೊಳೆಯ ಆಚೆ ದಡದ ಮನೆಯಲ್ಲಿದ್ದರು. ನಾದಿನಿ ನಮ್ಮಲ್ಲಿಗೆ ಬಂದವಳು ಇಲ್ಲೇ ಸಿಕ್ಕಿಬಿದ್ದಿದ್ದಳು. ಆಚೆ ದಡದಿಂದ ಯಾರೋ ಕೂಗಿ ಹೇಳಿದ್ದು ಇಷ್ಟು: ‘ಅಮ್ಮನ ಮಾತ್ರೆ ಮುಗಿದಿದೆ.’ ಹೃದಯದ ಮಾತ್ರೆ, ದಿನ ತಪ್ಪಿಸುವಂತಿರಲಿಲ್ಲ. ಈಚೆ ನಿಂತಿದ್ದವರು ಆ ಮಾತನ್ನು ಕಳಸದ ಪೇಟೆಯಲ್ಲಿ ಜೀಪಿನವರೊಬ್ಬರಿಗೆ ಒಪ್ಪಿಸಿದರು, ಜೀಪಿನವರು ಕೊಟ್ಟಿಗೆಹಾರದಲ್ಲಿ ಇನ್ನೊಬ್ಬರಿಗೆ. ನಾಲ್ಕನೆಯ ಬಾಯಿಂದ ನಮ್ಮ ಮನೆಗೆ ಬಂದದ್ದು, ‘ಅಮ್ಮನದು ಮುಗಿದಿದೆಯಂತೆ.’

ಯಾರೂ ಸುಳ್ಳು ಹೇಳಲಿಲ್ಲ ನೋಡಿ. ಎಲ್ಲರೂ ಉಪಕಾರಕ್ಕೆಂದೇ ಹೊರಟವರು, ನೆನೆದುಕೊಂಡು, ಕೆಸರು ತುಳಿದುಕೊಂಡು ಬಂದವರು. ‘ಮಾತ್ರೆ’ ಎಂಬ ಎರಡಕ್ಷರ ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಬಹುಶಃ ಹೊಳೆಯ ಸದ್ದಿನಲ್ಲೇ ಬಿದ್ದಿತ್ತೇನೋ. ನಮ್ಮ ಮನೆಯಲ್ಲಿ ಅಳು ಶುರುವಾಯಿತು, ಒಲೆ ಹಚ್ಚಲಿಲ್ಲ. ಆದರೆ ಅಳುವಿಗಿಂತ ಕೆಟ್ಟದ್ದು ಬೇರೆಯೇ ಇತ್ತು. ಮಾತ್ರೆ ಕೊಂಡು ಯಾರ ಕೈಯಲ್ಲಾದರೂ ಕಳಿಸುವ ಯೋಚನೆ ಯಾರಿಗೂ ಬರಲಿಲ್ಲ. ಸತ್ತವರಿಗೆ ಯಾರು ಮಾತ್ರೆ ಕಳಿಸುತ್ತಾರೆ? ಮೂರನೆಯ ದಿನ ನೀರಿಳಿದ ಮೇಲೆ ನಿಜ ಗೊತ್ತಾಯಿತು. ಅಷ್ಟು ದಿನ ಆಕೆ ಉಳಿದದ್ದು ಆಕೆಯ ಜೀವದ ಗಟ್ಟಿತನದಿಂದ.

ಚಿಕ್ಕಮಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಅಕ್ಕನ ಮಗ ಈ ಕತೆ ಕೇಳಿ, ಒಂದು ಬ್ಯಾಟರಿ, ಒಂದು ಸೆಟ್ಟು, ಒಂದು ತಂತಿ ಇದ್ದಿದ್ದರೆ ಆಚೆಯವರು ನೇರವಾಗಿ ನಮ್ಮೊಡನೆಯೇ ಮಾತಾಡಬಹುದಿತ್ತು ಎಂದ. ಅವನೇ ಪುಸ್ತಕ ತಂದುಕೊಟ್ಟ, ಅವನೇ ಪಾಠ ಹೇಳಿದ. 2022ರಲ್ಲಿ ಘಟ್ಟ ಇಳಿದು ಮಂಗಳೂರಿಗೆ ಹೋಗಿ ಬರೆದೆ. ಎರಡು ಭಾಗ, ಒಂದು ರೇಡಿಯೋ ಸಿದ್ಧಾಂತ, ಇನ್ನೊಂದು ನಿಯಮಾವಳಿ. ಓಮನ ನಿಯಮ, ಸಾಲಾಗಿ ಜೋಡಿಸಿದ ಕೆಪಾಸಿಟರುಗಳ ಲೆಕ್ಕ, ಆಂದೋಲಕದ ಬಗೆಗಳು, ಯಾವ ಆವರ್ತನ ಯಾರಿಗೆ ಎಂಬುದು. ನಾನು ಕಟ್ಟಿದ್ದ ಕೆಳದರ್ಜೆಗೆ ಪ್ರತಿ ಭಾಗದಲ್ಲಿ ನೂರಕ್ಕೆ 40, ಒಟ್ಟಾರೆ 50 ಬಂದರೆ ಸಾಕಿತ್ತು. ಬಂತು, ಪಾಸಾದೆ. ಬೀದಿಗೆಲ್ಲ ಮೈಸೂರುಪಾಕು ಹಂಚಿದೆ.

ಹಂಚಿ ಬಂದ ರಾತ್ರಿ ಒಂದು ಲೆಕ್ಕ ತಲೆಗೆ ಹೊಕ್ಕಿತು. ‘ಅಮ್ಮನ ಮಾತ್ರೆ ಮುಗಿದಿದೆ’ ಎಂಬಲ್ಲಿ ಇರುವುದು ಮೂರು ಮಾತು. ಅದರಲ್ಲಿ ಎರಡು ನಮಗೆ ಸರಿಯಾಗಿಯೇ ತಲುಪಿದ್ದವು. ನಮ್ಮ ಪರೀಕ್ಷೆಯ ಲೆಕ್ಕದಲ್ಲಿ ಆ ನಾಲ್ಕು ಜನ ನೂರಕ್ಕೆ ಅರವತ್ತಾರು ತೆಗೆದು ಪಾಸಾದವರು. ಆ ಸಾಲಿನಲ್ಲಿ ಐದನೆಯವಳಾಗಿ ನಾನು ನಿಂತಿದ್ದರೆ ಬೇರೆಯಾಗಿ ನಡೆದುಕೊಳ್ಳುತ್ತಿದ್ದೆನೇ ಎಂದು ತಿಳಿಯುವಂಥ ಒಂದು ಪ್ರಶ್ನೆಯೂ ನನಗೆ ಬಂದಿರಲಿಲ್ಲ.

ಆದರೆ ಹಾಗೆ ತಿಳಿಯುವ ಪರೀಕ್ಷೆಯೊಂದು ಇತ್ತು, ಮೇಲ್ದರ್ಜೆಯವರಿಗೆ. ಮೋರ್ಸ್. ಹಿಂದೆ ಟೆಲಿಗ್ರಾಂ ಆಫೀಸಿನಲ್ಲಿ ಕಟ್ಟುಕಡ ಎಂದು ಸದ್ದು ಮಾಡುತ್ತಿತ್ತಲ್ಲ, ಅದೇ ಸಂಕೇತಭಾಷೆ. ನಾನು ಓದಿದ ಪಠ್ಯಕ್ರಮದಲ್ಲಿ ಅದರ ವಿವರವಿತ್ತು: ಐದು ನಿಮಿಷ, ನಿಮಿಷಕ್ಕೆ ಎಂಟು ಪದ, ಪದಕ್ಕೆ ಐದಕ್ಷರ, ಒಟ್ಟು 200 ಅಕ್ಷರ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದ್ದನ್ನು ಬರೆಯಬೇಕು. ಐದಕ್ಕಿಂತ ಹೆಚ್ಚು ತಪ್ಪಾದರೆ ಫೇಲು. ಅಕ್ಷರ ಕೆಟ್ಟದಾಗಿದ್ದರೂ ತೊಂದರೆ. ನನ್ನ ಮನಸ್ಸು ನಿಂತದ್ದು ಇನ್ನೊಂದು ಸಣ್ಣ ನಿಯಮದ ಮೇಲೆ. ಬರೆದದ್ದು ತಪ್ಪಾಯಿತೆಂದರೆ ಅದರ ಮೇಲೇ ತಿದ್ದಿ ಬರೆಯುವಂತಿಲ್ಲ, ಹಾಗೆ ತಿದ್ದಿದ ಪ್ರತಿ ಅಕ್ಷರವೂ ಒಂದು ತಪ್ಪು. ತಪ್ಪಿದ್ದನ್ನು ಕಾಣುವಂತೆ ಒಂದು ಗೆರೆ ಎಳೆದು ಹೊಡೆದುಹಾಕಿ, ಸರಿಯಾದದ್ದನ್ನು ಅದರ ಮೇಲ್ಗಡೆ ಬರೆಯಬೇಕು.

ಈ ನಿಯಮ ಮಾಡಿದವರು ಅಕ್ಷರ ಓದಲಿಕ್ಕಾಗಲಿ ಎಂದಷ್ಟೇ ಯೋಚಿಸಿದ್ದರೇನೋ. ನನಗೆ ಮಾತ್ರ ಇಡೀ ಪಠ್ಯಕ್ರಮದಲ್ಲಿ ಮನುಷ್ಯನನ್ನು ಪರೀಕ್ಷಿಸುವ ಸಾಲು ಅದೊಂದೇ ಎನ್ನಿಸಿತು. ಕೇಳಿದ್ದು ಎಷ್ಟು, ತಾನು ಊಹಿಸಿ ತುಂಬಿದ್ದು ಎಷ್ಟು ಎಂಬ ಗುರುತು ಕಾಗದದ ಮೇಲೆ ಉಳಿಯುತ್ತದೆ. ನಮ್ಮ ಜೀಪಿನವರ ಬಳಿ ಅಂಥ ಕಾಗದವಿರಲಿಲ್ಲ. ಅರ್ಧ ಕೇಳಿದ ವಾಕ್ಯವನ್ನು ಮನಸ್ಸು ತಾನೇ ಪೂರ್ತಿ ಮಾಡಿಕೊಂಡುಬಿಡುತ್ತದೆ. ಅದರಲ್ಲೂ ಮಳೆಗಾಲದ ಮನಸ್ಸು ಸಾವಿನ ಕಡೆಗೇ ಪೂರ್ತಿ ಮಾಡುತ್ತದೆ.

ಮೋರ್ಸ್ ಈಗ ಎಲ್ಲ ಕಡೆ ಹಿಂದೆ ಸರಿದಿದೆ. 2003ರಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವ ರೇಡಿಯೋ ಸಮ್ಮೇಳನ ಅದು ಬೇಕೇ ಬೇಡವೇ ಎಂಬುದನ್ನು ಆಯಾ ದೇಶಕ್ಕೆ ಬಿಟ್ಟಿತು. 2007ರಲ್ಲಿ ಅಮೆರಿಕ ಪೂರ್ತಿ ಕೈಬಿಟ್ಟಿತು. ಅಲ್ಲಿ ಮೊದಲ ದರ್ಜೆಗೆ 35 ಪ್ರಶ್ನೆ, 26 ಸರಿಯಾದರೆ ಪಾಸು. ಪ್ರಶ್ನೆಗಳ ಭಂಡಾರವನ್ನೂ ಉತ್ತರಗಳ ಸಮೇತ ಮೊದಲೇ ಅಚ್ಚು ಹಾಕಿ ಹಂಚಿಬಿಡುತ್ತಾರೆ. ಹಳೆಯ ಹ್ಯಾಮುಗಳಿಗೆ ಇದರಿಂದ ಬಹಳ ಸಂಕಟ. ಕಷ್ಟಪಡದೆ ಬಂದವರಿಗೆ ಬೆಲೆ ಗೊತ್ತಿರುವುದಿಲ್ಲ ಎನ್ನುತ್ತಾರೆ. ಈ ಮಾತನ್ನು ನಾವು ಹೆಂಗಸರು ಬೇರೆ ಕಡೆಯೂ ಕೇಳಿದ್ದೇವೆ. ‘ನಾವು ಹಸಿ ಸೌದೆಗೆ ಊದಿ ಊದಿ ಅಡಿಗೆ ಮಾಡಿದವರು, ನಿಮಗೇನು ಗ್ಯಾಸು’ ಎನ್ನುವ ಅತ್ತೆಯ ಮಾತೇ ಅದು. ತಾನು ಪಟ್ಟ ಕಷ್ಟ ಸೊಸೆಯೂ ಪಡಲಿ ಎಂಬುದು ಅಡಿಗೆಯ ಪರೀಕ್ಷೆಯಲ್ಲ. ಮೋರ್ಸ್ ಮರಳಿ ಬರಲಿ ಎಂದು ನಾನೇನೂ ಹೇಳುತ್ತಿಲ್ಲ. ಆದರೆ ಅದು ಹೋಗುವಾಗ ಕಿವಿಯ ಪರೀಕ್ಷೆಯನ್ನೂ ತನ್ನ ಜೊತೆಗೆ ತೆಗೆದುಕೊಂಡು ಹೋಯಿತು, ಆ ಜಾಗದಲ್ಲಿ ಇನ್ನೇನನ್ನೂ ಇಡಲಿಲ್ಲ ಎಂಬುದು ನನ್ನ ತಕರಾರು. ಬೈಕಿನ ಲೈಸೆನ್ಸಿಗೆ ಆರ್.ಟಿ.ಓ. ಮೈದಾನದಲ್ಲಿ ‘8’ ಹಾಕಿಸುತ್ತಾರಲ್ಲ, ಅದೂ ನಿಜವಾದ ರಸ್ತೆಯಲ್ಲ, ಒಪ್ಪಿದೆ. ಆದರೂ ಬೈಕನ್ನಂತೂ ಓಡಿಸಿ ತೋರಿಸಬೇಕು.

ಅಂತರರಾಷ್ಟ್ರೀಯ ರೇಡಿಯೋ ನಿಯಮಗಳ 25ನೆಯ ವಿಧಿ, ಹವ್ಯಾಸಿಯ ಅರ್ಹತೆಯನ್ನು ಪರೀಕ್ಷಿಸಿಯೇ ಅನುಮತಿ ಕೊಡಬೇಕು ಎನ್ನುವಾಗ ಎರಡು ಬಗೆಯ ಅರ್ಹತೆ ಹೇಳುತ್ತದೆ. ಒಂದು ನಡೆಸುವ ಅರ್ಹತೆ, ಇನ್ನೊಂದು ತಾಂತ್ರಿಕ ಅರ್ಹತೆ. ನಡೆಸುವುದನ್ನೇ ಮೊದಲು ಹೇಳುತ್ತದೆ. ನಾನು ಬರೆದ ಪರೀಕ್ಷೆಯಲ್ಲಿ ಅದಕ್ಕೆ ಸಿಕ್ಕಿದ್ದು ಕಾಗದದ ಮೇಲಿನ ಕೆಲವು ಪ್ರಶ್ನೆ. ಕ್ಯೂ ಸಂಕೇತಗಳ ಅರ್ಥ, ಅಪಾಯದ ಕರೆ ಯಾವುದು, ಅಕ್ಷರಗಳನ್ನು ಆಲ್ಫಾ, ಬ್ರಾವೋ ಎಂದು ಬಿಡಿಸಿ ಹೇಳುವ ಕ್ರಮ. ಈಜನ್ನು ಕಾಗದದಲ್ಲಿ ಬರೆಸಿದ ಹಾಗೆ.

ಕೆಲಸ ನಿಜವಾಗಿ ಬಿದ್ದಾಗ ಬೇಕಾಗುವುದು ಏನು? 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿದ್ದರು. ಆ ದ್ವೀಪಗಳಿಂದ ಹವ್ಯಾಸಿ ರೇಡಿಯೋ ಕೇಳಿಬಂದು ಬಹಳ ವರ್ಷಗಳಾಗಿದ್ದವು. ಕಷ್ಟಪಟ್ಟು ಅನುಮತಿ ಪಡೆದು, ಜಗತ್ತಿನ ಹ್ಯಾಮುಗಳನ್ನು ಮಾತಾಡಿಸುವ ಸಂತೋಷಕ್ಕಾಗಿ ಹೋದವರು. 26ರ ಬೆಳಿಗ್ಗೆ ಸುನಾಮಿ ಬಂತು. ಸಂತೋಷದ ಸೆಟ್ಟು ಆ ಕ್ಷಣದಿಂದ ಕ್ಷೇಮಸಮಾಚಾರದ ಸೆಟ್ಟಾಯಿತು. ಅಂಥ ಹೊತ್ತಿನಲ್ಲಿ ಒಂದು ಹೆಸರನ್ನು ತಪ್ಪಾಗಿ ದಾಟಿಸಿದರೆ ಏನಾಗುತ್ತದೆಂದು ನಮ್ಮ ಮನೆಯಲ್ಲಿ ಯಾರನ್ನು ಬೇಕಾದರೂ ಕೇಳಬಹುದು.

ಹಾಗೆಂದು ಸಿದ್ಧಾಂತ ಬೇಡವೆಂದಲ್ಲ. ಕಾಫಿ ಸೀಮೆಯವರಿಗೆ ಅದರ ಒಂದು ಭಾಗ ಚೆನ್ನಾಗಿಯೇ ಬೇಕು. ಮೆಣಸು ಕೊಯ್ಯುವಾಗ, ನೆರಳಿನ ಮರ ಸವರುವಾಗ ಅಲ್ಯೂಮಿನಿಯಂ ಏಣಿ ಕರೆಂಟಿನ ತಂತಿಗೆ ತಗಲಿ ಜೀವ ಹೋದ ಸುದ್ದಿ ನಮಗೆ ಹೊಸತಲ್ಲ. ಸಿಲ್ವರ್ ಓಕಿಗೆ ಆಂಟೆನಾದ ತಂತಿ ಕಟ್ಟುವವರು ಕರೆಂಟು, ಸಿಡಿಲು ಎರಡನ್ನೂ ತಿಳಿದಿರಲೇಬೇಕು, ಅದರಲ್ಲಿ ನೂರಕ್ಕೆ ನೂರು ಬರಬೇಕು. ಇನ್ನೊಂದು ವಿದ್ಯೆಯಂತೂ ನನಗೆ ಬಹಳ ಹಿಡಿಸಿತು. ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟಿನ ಅಲೆಗಳು ನೇರವಾಗಿ ಹೋಗುವಂಥವು. ಗುಡ್ಡ ಅಡ್ಡ ಬಂದರೆ ಮುಗಿಯಿತು, ಮತ್ತೆ ನಮ್ಮಲ್ಲಿ ಗುಡ್ಡ ಬಿಟ್ಟರೆ ಇನ್ನೇನಿದೆ? ಆದರೆ ಏಳು ಮೆಗಾಹರ್ಟ್ಸಿನ ಅಲೆ ಹಾಗಲ್ಲ. ಅರವತ್ತಾರು ಅಡಿ ತಂತಿಯನ್ನು ತೀರ ಎತ್ತರಿಸದೆ ಅಡ್ಡಡ್ಡ ಕಟ್ಟಿದರೆ ಅಲೆ ಹೆಚ್ಚಾಗಿ ಮೇಲಕ್ಕೇ ಹೋಗಿ, ಹಗಲಿನಲ್ಲಿ ಆಕಾಶದ ಅಯಾನು ಪದರಕ್ಕೆ ತಾಗಿ, ನೂರಾರು ಮೈಲಿ ಸುತ್ತಳತೆಯಲ್ಲಿ ಕೆಳಗಿಳಿಯುತ್ತದೆ. ಗುಡ್ಡವನ್ನು ಬಳಸಿಕೊಂಡು ಹೋಗುವ ಗೊಡವೆಯೇ ಇಲ್ಲ. ಕಳಸದವರು ಮೂಡಿಗೆರೆಯೊಡನೆ ಆಕಾಶದ ಮೂಲಕ ಮಾತಾಡಬಹುದು. ಇಂಥ ಸಿದ್ಧಾಂತ ಇನ್ನಷ್ಟು ಇರಲಿ. ಆಂದೋಲಕ ಕಂಡುಹಿಡಿದವರ ಹೆಸರುಗಳು ಸ್ವಲ್ಪ ಕಡಿಮೆಯಾದರೂ ಹೊಳೆ ದಾಟಲಿಕ್ಕೆ ತೊಂದರೆಯಿಲ್ಲ.

ನನ್ನ ಅಕ್ಕನ ಮಗನಿಗೆ ಇದೆಲ್ಲ ಒಪ್ಪಿಗೆಯಿಲ್ಲ. ‘ಚಿಕ್ಕಮ್ಮ, ನೀವು ಹೇಳುವುದು ಸ್ವಭಾವ. ಸ್ವಭಾವಕ್ಕೆ ಪರೀಕ್ಷೆ ಇಟ್ಟರೆ ಎಲ್ಲರೂ ಒಳ್ಳೆಯ ಉತ್ತರವನ್ನೇ ಬರೆಯುತ್ತಾರೆ’ ಎಂದು ವಾದಿಸುತ್ತಾನೆ. ಅರ್ಧ ನಿಜ. ಬೇರೆಯವರಿಗೆಂದು ಹೊರಟ ಸಂದೇಶ ತನ್ನ ಕಿವಿಗೆ ಬಿದ್ದರೆ ಹೊರಗೆ ಆಡಬಾರದೆಂಬ ನಿಯಮವಿದೆ. ಉತ್ತರ ಬರೆಯುವುದು ಸುಲಭ. ಯಾರ ಮನೆಯಲ್ಲಿ ಮಾತ್ರೆ ಮುಗಿಯಿತು, ಯಾರ ಮಗಳು ತವರಿಗೆ ಬಂದಳು ಎಂಬುದು ತರಕಾರಿ ಅಂಗಡಿ ತಲುಪುವ ಮೊದಲೇ ಹರಡುವ ನಮ್ಮಂಥ ಪೇಟೆಯಲ್ಲಿ ಆ ನಿಯಮದಂತೆ ಬದುಕುವುದು ಬೇರೆ ಮಾತು. ಅದನ್ನು ಯಾವ ಪತ್ರಿಕೆಯೂ ಅಳೆಯಲಾರದು. ಆದರೆ ‘ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ’ ಎನ್ನುವುದು ಸ್ವಭಾವವೇ? ಬರೆದುಕೊಂಡದ್ದನ್ನು ಹೇಳಿದವರಿಗೇ ಓದಿ ಒಪ್ಪಿಸುವುದು ಸ್ವಭಾವವೇ? ನನಗೆ ಅದು ಸೊಪ್ಪು ತೊಳೆದಷ್ಟೇ ಅಭ್ಯಾಸದ ವಿಷಯವಾಗಿ ಕಾಣುತ್ತದೆ. ಅಭ್ಯಾಸವಾದರೆ ಕಲಿಸಬಹುದು, ಕಲಿಸಿದರೆ ಪರೀಕ್ಷಿಸಬಹುದು. ಹತ್ತು ಸಂದೇಶ, ಹಿಂದೆ ಗರಗರ ಸದ್ದು, ಒಳಗೆ ಊರಿನ ಹೆಸರು, ಔಷಧಿಯ ಹೆಸರು, ಹೊತ್ತು, ಸಂಖ್ಯೆ. ತಿಳಿಯದಿದ್ದಲ್ಲಿ ಮತ್ತೆ ಕೇಳಿದವರಿಗೆ ಅಂಕ ಕಳೆಯಬಾರದು, ಊಹಿಸಿ ತುಂಬಿದವರಿಗೆ ಕಳೆಯಬೇಕು. ಪರೀಕ್ಷೆ ಅವರವರ ಭಾಷೆಯಲ್ಲಿರಬೇಕು. ಸೇತುವೆ ಮುಳುಗಿದಾಗ ಆಚೆ ದಡದಲ್ಲಿ ಇರುವವರು ಬೆಂಗಳೂರಿನ ತಜ್ಞರಲ್ಲ, ಅಲ್ಲಿಯೇ ಒಲೆ ಹಚ್ಚುವವರು.

ಮಾತಿನಲ್ಲೇ ಯಾಕೆ ಬಿಡುವುದೆಂದು ಹೋದ ಮಳೆಗಾಲದಲ್ಲಿ ನಾವು ಐದಾರು ಹೆಂಗಸರು ನಮ್ಮ ಮನೆಯಲ್ಲಿ ಇದನ್ನು ಆಡಿ ನೋಡಿದೆವು. ರೇಡಿಯೋ ಇಲ್ಲ, ಲೈಸೆನ್ಸ್ ಬೇಕಿಲ್ಲ. ಹಿತ್ತಲ ತಗಡಿನ ಮಾಡಿನ ಕೆಳಗೆ ಒಬ್ಬರು ನಿಂತು ಚೀಟಿ ಓದುವುದು, ಅಡಿಗೆಮನೆಯಲ್ಲಿ ಮಿಕ್ಸಿ ಹಾಕಿಕೊಂಡು ಇನ್ನೊಬ್ಬರು ಬರೆದುಕೊಳ್ಳುವುದು. ಮೊದಲ ದಿನ ಸಂಸೆಗೆ ಬೇಕಾದ ಹತ್ತು ಟಾರ್ಪಾಲು ಹೊರನಾಡಿಗೆ ಹತ್ತು ಚೀಲ ಅಕ್ಕಿಯಾಗಿ ಹೋಯಿತು. ಡಿಗ್ರಿ ಓದಿದವರು ಅರ್ಧ ಕೇಳಿದೊಡನೆ ಬರೆದು ಮುಗಿಸುತ್ತಿದ್ದೆವು. ನಮ್ಮ ಮನೆಗೆ ಹಾಲು ಕೊಡುವಾಕೆ, ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ಒಂದು ಚೀಟಿಗೆ ಮೂರು ಸಲ ‘ಕೇಳಲಿಲ್ಲ ಅಮ್ಮಾ, ಮತ್ತೊಂದ್ಸಲ’ ಎಂದು ಕೂಗಿದಳು. ಉಳಿದವರಿಗೆ ನಗು. ಅವಳ ಹತ್ತು ಚೀಟಿಯಲ್ಲಿ ಒಂದೂ ತಪ್ಪಿರಲಿಲ್ಲ. ಎರಡು ಕಡೆ ಗೆರೆ ಎಳೆದು ಮೇಲೆ ಬರೆದಿದ್ದಳು, ಯಾರೂ ಹೇಳಿಕೊಡದೆ. ಪರೀಕ್ಷೆಗೆ ಕಟ್ಟುತ್ತೀಯಾ ಎಂದು ಕೇಳಿದೆ. ನನ್ನ ಪುಸ್ತಕವನ್ನು ತಿರುವಿ ಹಾಕಿ, ಇಂಗ್ಲಿಷ್ ಅಕ್ಷರಗಳನ್ನು ನೋಡಿ, ಅದನ್ನು ಒದ್ದೆ ತಾಗದ ಕಡೆ ಇಟ್ಟು ಹಾಲಿನ ಕ್ಯಾನು ಎತ್ತಿಕೊಂಡಳು.