ಸ್ಯಾತ್ ಎಂಬ ಪುಟ್ಟ ಪದ

2011ರ ಡಿಸೆಂಬರಿನಲ್ಲಿ ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ ಪಟ್ಟಿ ಪತ್ರಿಕೆಯಲ್ಲಿ ಬಂದ ದಿನ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮು ಮೌನವಾಗಿತ್ತು. ನಾನಲ್ಲಿ ಗಣಿತದ ಮೇಷ್ಟ್ರು. ಹದಿನೈದರ ಹರೆಯದ ಮಕ್ಕಳ ಆ ಹೋಲಿಕೆಯಲ್ಲಿ ಶಾಂಘೈಗೆ ಗಣಿತದಲ್ಲಿ 600 ಅಂಕ, ತಮಿಳುನಾಡಿಗೆ 351. ಹಿಮಾಚಲ ಪ್ರದೇಶ ಇನ್ನೂ ಕೆಳಗೆ. ಪ್ರಶ್ನೆಗಳು ನಮ್ಮ ಮಕ್ಕಳ ಬದುಕಿಗೆ ಹೊಂದುವುದಿಲ್ಲ ಎಂದರು ಸರ್ಕಾರದವರು. 2012ರ ಸುತ್ತಿಗೆ ಭಾರತ ಹೋಗಲೇ ಇಲ್ಲ.

ನಾನು ಜೈನ ಬಸದಿಯ ನೆರಳಿನಲ್ಲಿ ಬೆಳೆದವನು. ಯಾವ ಮಾತಿನ ಹಿಂದೆಯೂ ‘ಸ್ಯಾತ್’ ಇರಬೇಕು, ಎಂದರೆ ‘ಒಂದು ನೆಲೆಯಿಂದ’ ಎಂದು ಕಲಿತವನು. ಅಂಕವೂ ಒಂದು ನೆಲೆಯ ನೋಟ, ಅದನ್ನೇಕೆ ನಂಬಬೇಕು ಎಂದು ಆ ದಿನ ನಾನೂ ವಾದಿಸಿದೆ. ತಪ್ಪು ಮಾಡಿದೆ. ಒಂದು ನೋಟ ಅಪೂರ್ಣವೆಂದರೆ ಸುಳ್ಳೆಂದಲ್ಲ; ಅದನ್ನು ಪೂರ್ತಿ ತಳ್ಳಿಹಾಕುವುದೂ ಒಂದೇ ನೆಲೆಗೆ ಅಂಟಿಕೊಳ್ಳುವ ಏಕಾಂತವಾದವೇ.

ಗಣಿತದಲ್ಲೂ ಹೀಗೆಯೇ. ಒಂಬತ್ತನೇ ಶತಮಾನದಲ್ಲಿ, ದೊರೆ ಅಮೋಘವರ್ಷನ ಕಾಲದಲ್ಲಿ ಗಣಿತಸಾರಸಂಗ್ರಹ ಬರೆದ ಜೈನ ಮಹಾವೀರಾಚಾರ್ಯ ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದ. ವಾಸ್ತವ ಸಂಖ್ಯೆಗಳ ನೆಲೆಯಲ್ಲಿ ಅದು ಇಂದಿಗೂ ನಿಜ. ಸಂಕೀರ್ಣ ಸಂಖ್ಯೆಗಳ ನೆಲೆಯಲ್ಲಿ ಅಲ್ಲ. ಎರಡನ್ನೂ ನಾನು ಹಲಗೆಯ ಮೇಲೆ ಬರೆದು ತೋರಿಸಬಲ್ಲೆ.

ಆದರೆ ಮಕ್ಕಳ ವಿಷಯದಲ್ಲಿ ಎರಡು ನೆಲೆಗಳನ್ನೂ ನೋಡಲು ಮರೆತೆ. ನನ್ನ ತರಗತಿಯಲ್ಲೊಬ್ಬ ಹುಡುಗನಿದ್ದ. ಅಪ್ಪನ ಅಡಿಕೆಯ ತೂಕಕ್ಕೆ ಬೆಲೆಯನ್ನು ಬಾಯಲ್ಲೇ ಹೇಳುತ್ತಿದ್ದ, ಮುಕ್ಕಾಲರಿಂದ ಮೂರನೇ ಎರಡು ಭಾಗ ಕಳೆ ಎಂದು ಬರೆದುಕೊಟ್ಟರೆ ಪೆನ್ಸಿಲ್ ಕಚ್ಚುತ್ತ ಕೂರುತ್ತಿದ್ದ. ಅವನ ಜಾಣ್ಮೆಯನ್ನು ಹೊಗಳಿ ಮುಂದೆ ಹೋಗಿಬಿಟ್ಟೆ. ಆ ಭಿನ್ನರಾಶಿ ಅವನಿಗೆ ಬರಲೇ ಇಲ್ಲ.