ಲಿಪಿ ಯಾರದು?

ದೊಡ್ಡಬಳ್ಳಾಪುರದಲ್ಲಿ ನಾನು ಓದುತ್ತಿದ್ದಾಗ ನನ್ನ ಸ್ಲೇಟಿನ ಒಂದು ಬದಿಯಲ್ಲಿ ಎಡದಿಂದ ಬಲಕ್ಕೆ ಕನ್ನಡ, ಇನ್ನೊಂದು ಬದಿಯಲ್ಲಿ ಬಲದಿಂದ ಎಡಕ್ಕೆ ಉರ್ದು ಇರುತ್ತಿತ್ತು. ನೆರೆಮನೆಯ ನಿವೃತ್ತ ಮೇಷ್ಟ್ರು ಒಮ್ಮೆ ಅದನ್ನು ನೋಡಿ, ‘ಇದು ಹೊರಗಿನೋರ ಲಿಪಿ ಅಲ್ವೇನಪ್ಪ?’ ಎಂದರು. ಅವರ ಮಾತಿನಲ್ಲಿ ದ್ವೇಷವಿರಲಿಲ್ಲ. ಆದರೂ ಆ ಪ್ರಶ್ನೆ ನನ್ನೊಂದಿಗೇ ಬೆಳೆಯಿತು. ಹೊರಗಿನಿಂದ, ಅದರಲ್ಲೂ ದಂಡಿನ ಹಿಂದೆ ಬಂದದ್ದು ಎಂದಾದರೂ ನಮ್ಮದಾಗುತ್ತದೆಯೇ?

ಉತ್ತರದ ಸುಳಿವು ಸಿಕ್ಕಿದ್ದು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ. ಅಲ್ಲಿನ ಬಂಡೆಯ ಮೇಲಿನ ಅಶೋಕನ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಿಗೆ ದಯೆ ತೋರಬೇಕು, ಸತ್ಯ ನುಡಿಯಬೇಕು ಎಂಬುದು ಅದರ ತಿರುಳು. ಭಾಷೆ ಪ್ರಾಕೃತ, ಲಿಪಿ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿ. ಆದರೆ ಅದನ್ನು ಬರೆದ ಚಪಡ ಕೊನೆಯಲ್ಲಿ ತನ್ನ ಹೆಸರು ಹೇಳಿ, ತಾನು ಲಿಪಿಕಾರ ಎನ್ನುವ ಪದವನ್ನು ಮಾತ್ರ ಬಲದಿಂದ ಎಡಕ್ಕೆ, ಖರೋಷ್ಠಿಯಲ್ಲಿ ಬರೆದಿದ್ದಾನೆ.

ಖರೋಷ್ಠಿ ದೂರದ ಗಾಂಧಾರದ ಬರಹ. ಕ್ರಿ.ಪೂ. 6ನೇ ಶತಮಾನದಲ್ಲಿ ಪರ್ಶಿಯದ ಅರಸರು ಆ ನಾಡನ್ನು ಗೆದ್ದರು. ಅವರ ಆಡಳಿತದ ಅರಮೇಯಿಕ್ ಬರಹದಿಂದ ಖರೋಷ್ಠಿ ಹುಟ್ಟಿತು ಎನ್ನುತ್ತಾರೆ ವಿದ್ವಾಂಸರು. ಅರಸನ ಮಾತನ್ನು ಬಂಡೆಗಳ ಮೇಲೆ ಕೆತ್ತಿಸುವ ಮೌರ್ಯರ ರೂಢಿಯಲ್ಲೂ ಹಲವರು ಪರ್ಶಿಯದ ಪ್ರಭಾವ ಕಂಡಿದ್ದಾರೆ. ‘ಲಿಪಿ’ ಎಂಬ ಪದವೇ ಹಳೆಯ ಪರ್ಶಿಯನ್ನಿನ ‘ದಿಪಿ’ಯಿಂದ ಬಂದದ್ದು. ವಾಯವ್ಯದ ಶಹಬಾಜ್‌ಗಢಿಯ ಅಶೋಕ ಶಾಸನದಲ್ಲಿ ಅದು ‘ದಿಪಿ’ಯಾಗಿಯೇ ಇದೆ. ಹೊರಗಿನವರ ಲಿಪಿ ಎಂದ ಮೇಷ್ಟ್ರ ಬಾಯಲ್ಲೇ ಪರ್ಶಿಯದ ಪದವಿತ್ತು!

ಹಾಗೆಂದು ದಾಳಿಯನ್ನು ಹೊಗಳಬೇಕೇ? ಖಂಡಿತ ಇಲ್ಲ. ದಾಳಿಯಿಂದ ಕಲೆ ಬಂತು, ಅಕ್ಷರ ಬಂತು ಎಂಬ ಲೆಕ್ಕ ಸತ್ತವರ ಮನೆಯವರಿಗೆ ಸಮಾಧಾನ ತರದು. ಕಳಿಂಗದಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ಯಲಾಯಿತು ಎಂದು ಅಶೋಕನೇ ತನ್ನ 13ನೇ ಬಂಡೆಶಾಸನದಲ್ಲಿ ಒಪ್ಪಿಕೊಂಡು ಪಶ್ಚಾತ್ತಾಪಪಟ್ಟಿದ್ದಾನೆ. ಗೆದ್ದವನೇ ತನ್ನ ಗೆಲುವನ್ನು ತಪ್ಪೆಂದು ಬರೆಸಿದ್ದು ಅಪರೂಪ.

ಆದರೆ ಅದೇ ಅಶೋಕ ಅಕ್ಷರದ ಮೇಲೆ ಹಗೆ ಸಾಧಿಸಲಿಲ್ಲ. 1958ರಲ್ಲಿ ಕಂದಹಾರದಲ್ಲಿ ಸಿಕ್ಕ ಅವನ ಶಾಸನ ಗ್ರೀಕ್ ಮತ್ತು ಅರಮೇಯಿಕ್ ಭಾಷೆಗಳಲ್ಲಿದೆ. ಎರಡೂ ಆ ನೆಲಕ್ಕೆ ದಂಡೆತ್ತಿ ಬಂದವರ ಜೊತೆ ಬಂದ ಭಾಷೆಗಳು. ಅವುಗಳಲ್ಲಿ ಅವನು ಬರೆಸಿದ್ದು ಜೀವಹಿಂಸೆ ಬಿಡಿ ಎಂಬ ಮಾತನ್ನು.

ಇನ್ನೊಂದು ಮಾತು. ಅಂದಿನ ಕನ್ನಡ ನಾಡಿಗೆ ಪಾಟಲಿಪುತ್ರದ ಮೌರ್ಯರೂ ಹೊರಗಿನವರೇ. ಅವರ ಅಧಿಕಾರಿಗಳು ಇಲ್ಲಿ ಬರೆಸಿದ್ದು ಬ್ರಾಹ್ಮಿಯಲ್ಲಿ. ನೀವೀಗ ಓದುತ್ತಿರುವ ಕನ್ನಡ ಅಕ್ಷರಗಳು ಆ ಬ್ರಾಹ್ಮಿಯ ಮೊಮ್ಮಕ್ಕಳು. ಹೊರಗಿನದೆಲ್ಲ ಬೇಡ ಎಂದು ಹೊರಟರೆ ನಮ್ಮ ಸ್ಲೇಟಿನ ಎರಡೂ ಬದಿ ಖಾಲಿಯಾದೀತು.

ಹಗೆ ನಮ್ಮನ್ನು ನ್ಯಾಯದಿಂದ ದೂರ ಸರಿಸಬಾರದೆಂದು ಕುರ್‌ಆನ್ ಕಲಿಸುತ್ತದೆ. ಕತ್ತಿ ಹಿಡಿದವನ ಪಾಪ ಅವನದೇ. ಅದನ್ನು ಅವನ ಭಾಷೆಗಾಗಲಿ, ಶತಮಾನಗಳ ನಂತರ ಅದನ್ನು ಕಲಿತ ಮಗುವಿಗಾಗಲಿ ಹೊರಿಸುವುದು ನ್ಯಾಯವಲ್ಲ.

ಮೇಷ್ಟ್ರು ಈಗಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆ: ಲಿಪಿ ಕಲಿತವನದು, ಸಾರ್. ಅದರಲ್ಲಿ ಏನು ಬರೆದ ಎಂಬುದಕ್ಕಷ್ಟೇ ಅವನು ಉತ್ತರ ಹೇಳಬೇಕು.